ಡಬ್ಬಿ ಎಷ್ಟು ಬೇಗ ಖಾಲಿಯಾಗುತ್ತದೆ? ಇಸಬಿಗೆ ಹಚ್ಚುವ ಜೆಲ್ಲಿ, ಕ್ರೀಮು, ಲೋಷನ್‌ಗಳ ವಿಮರ್ಶೆ

ವರ್ಷಗಟ್ಟಲೆ ಇಸಬು ಕಾಡುವ ಮನೆಯಲ್ಲಿ ಒಂದು ಕಪಾಟು ಇದ್ದೇ ಇರುತ್ತದೆ. ಅರ್ಧ ಹಿಂಡಿ ಬಿಟ್ಟ ಏಳೆಂಟು ಟ್ಯೂಬು, ಎರಡು ಬೆರಳಿನ ಗುರುತಷ್ಟೇ ಬಿದ್ದ ದೊಡ್ಡ ಡಬ್ಬಿ, ಅಂಚಿನಲ್ಲಿ ಹಳದಿಗಟ್ಟಿದ ಯಾವುದೋ ಮುಲಾಮು. ಎಲ್ಲಕ್ಕೂ ಒಂದೇ ತೀರ್ಪು: ಹಿಡಿಸಲಿಲ್ಲ. ಕೆಲವು ನಿಜಕ್ಕೂ ಹಿಡಿಸುವಂಥವಲ್ಲ. ಹೆಚ್ಚಿನವು ಸೋತದ್ದು ಮಾತ್ರ ಹಚ್ಚಿದ ಪ್ರಮಾಣ ಸಾಲದೆ.

ಲೆಕ್ಕ ಹಾಕಿ ನೋಡಿ. 5 ಮಿಲಿಮೀಟರ್ ಬಾಯಿಯ ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಒಂದು ಎಳೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಲಾಂಗ್ ಮತ್ತು ಫಿನ್ಲೇ ಎಂಬ ಇಬ್ಬರು 1991ರಲ್ಲಿ ರೂಢಿಗೆ ತಂದ ಈ ಅಳತೆಯನ್ನು ಬೆರಳ ತುದಿ ಅಳತೆ ಎಂದುಕೊಳ್ಳೋಣ. ಅರ್ಧ ಗ್ರಾಂ ಮುಲಾಮು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕಾಗುತ್ತದೆ. ದೊಡ್ಡವರ ಮುಖ ಮತ್ತು ಕುತ್ತಿಗೆಗೆ ಎರಡೂವರೆ ಅಳತೆ, ಒಂದು ತೋಳಿಗೆ 3, ಒಂದು ಹಸ್ತದ ಎರಡೂ ಬದಿಗೆ 1, ಎದೆ ಹೊಟ್ಟೆಗೆ 7, ಬೆನ್ನು ಪೃಷ್ಠಕ್ಕೆ 7, ಒಂದು ಕಾಲಿಗೆ 6, ಒಂದು ಪಾದಕ್ಕೆ 2. ಎಡ ಬಲ ಎರಡನ್ನೂ ಕೂಡಿದರೆ ನಲವತ್ತೂವರೆ ಅಳತೆ, ಅಂದರೆ ಸುಮಾರು 20 ಗ್ರಾಂ. ಇದೂ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮನ್ನು ತೆಳ್ಳಗೆ ಸವರುವ ಲೆಕ್ಕ. ಮಾಯಿಶ್ಚರೈಸರ್, ಅಂದರೆ ಚರ್ಮ ಒಣಗದಂತೆ ಕಾಯುವ ಜೆಲ್ಲಿ, ಕ್ರೀಮು, ಲೋಷನ್‌ಗಳು, ಇದಕ್ಕಿಂತ ಧಾರಾಳವಾಗಿ ಬೀಳಬೇಕು. ಆದರೂ ಇದನ್ನೇ ಹಿಡಿದರೆ ದಿನಕ್ಕೆ ಎರಡು ಸಲಕ್ಕೆ 40 ಗ್ರಾಂ, ವಾರಕ್ಕೆ 280. ಚಿಕಿತ್ಸೆ ಹೇಗಿರಬೇಕೆಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಇಸಬಿರುವ ಮಕ್ಕಳಿಗೇ ವಾರಕ್ಕೆ 250ರಿಂದ 500 ಗ್ರಾಂ ಕೊಡಿ ಎನ್ನುತ್ತದೆ. ಅಂದಮೇಲೆ ಮೈತುಂಬ ಇಸಬಿರುವವರಿಗೆ 50 ಗ್ರಾಂ ಟ್ಯೂಬು ಒಂದೂಕಾಲು ದಿನದ ಸರಕು. ಅದನ್ನು ಒಂದು ತಿಂಗಳು ಎಳೆದು, ಕೊನೆಗೆ ಕಂಪನಿಯನ್ನು ಬೈದು ಏನು ಪ್ರಯೋಜನ?

ಹಾಗಾಗಿ ಇಲ್ಲಿ ಪ್ರತಿ ಬಗೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಲಾಗಿದೆ: ಇದನ್ನು ದಿನವೂ ಇಷ್ಟು ಪ್ರಮಾಣದಲ್ಲಿ ಹಚ್ಚಿಕೊಂಡು ಬದುಕಲು ಆಗುತ್ತದೆಯೇ? ಆಗದಿದ್ದರೆ ಒಳಗೆ ಎಂಥ ಅಮೃತವಿದ್ದರೂ ಅದು ಕಪಾಟಿಗೇ ಹೋಗುತ್ತದೆ. ಈ ಪ್ರಶ್ನೆಗೆ ಆಧಾರವೂ ಇದೆ. ಬ್ರಿಟನ್ನಿನಲ್ಲಿ 550 ಮಕ್ಕಳ ಮೇಲೆ ಲೋಷನ್, ಕ್ರೀಮು, ಜೆಲ್, ಮುಲಾಮು ನಾಲ್ಕನ್ನೂ ಹೋಲಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಇಸಬಿನ ತೀವ್ರತೆ ತಗ್ಗಿಸುವುದರಲ್ಲಿ ನಾಲ್ಕರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ಹಳೆಯ ನಂಬಿಕೆಗೆ ಅದು ಸಣ್ಣ ಪೆಟ್ಟು. ಯಾರಿಗೆ, ಯಾವ ಜಾಗಕ್ಕೆ, ಯಾವ ಹೊತ್ತಿಗೆ ಯಾವುದು ಎಂಬುದಷ್ಟೇ ಉಳಿದ ಪ್ರಶ್ನೆ.

ಬಿಳಿ ಪೆಟ್ರೋಲಿಯಂ ಜೆಲ್ಲಿ

ರಾಬರ್ಟ್ ಚೀಸ್‌ಬ್ರೊ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲಿನ್ ಇಂದಿಗೂ ಇಸಬಿನ ಸಾಮಾನುಗಳಲ್ಲಿ ಅತ್ಯಂತ ಸರಳವಾದದ್ದು. ಮೂಲ ಬಗೆಯ ಲೇಬಲ್ ಮೇಲೆ ಒಂದೇ ಪದಾರ್ಥದ ಹೆಸರಿರುತ್ತದೆ. ನೀರಿಲ್ಲ, ಆದ್ದರಿಂದ ಕೆಡದಂತೆ ಕಾಯುವ ರಾಸಾಯನಿಕ ಬೇಕಿಲ್ಲ. ಆ ರಾಸಾಯನಿಕ ಇಲ್ಲ, ಆದ್ದರಿಂದ ಅದರಿಂದ ಬರುವ ಅಲರ್ಜಿಯೂ ಇಲ್ಲ. ಬಿರುಕು ಬಿಟ್ಟ, ಕೆರೆದು ಹಸಿಯಾದ ಚರ್ಮಕ್ಕೆ ಹಚ್ಚಿದರೂ ಸಾಮಾನ್ಯವಾಗಿ ಉರಿಯುವುದಿಲ್ಲ. ಕ್ರೀಮು ಕಂಡರೆ ಓಡಿಹೋಗುವ ಮಗುವಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಡ.

ಜೆಲ್ಲಿ ಚರ್ಮದ ಮೇಲೆ ಪ್ಲಾಸ್ಟಿಕ್ ಹಾಳೆಯಂತೆ ಕೂತುಬಿಡುತ್ತದೆ, ಚರ್ಮ ಉಸಿರಾಡಲಾರದು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಚರ್ಮ ಉಸಿರಾಡುವ ಅಂಗವೇ ಅಲ್ಲ, ಅದಿರಲಿ. ಜೆಲ್ಲಿ ಹೊರಪದರದ ಕೋಶಗಳ ನಡುವಿನ ಸಂದಿಗಳಿಗೂ ಇಳಿಯುತ್ತದೆ, ಮತ್ತು ಕೆಟ್ಟ ತಡೆಗೋಡೆ ರಿಪೇರಿಯಾಗುವುದಕ್ಕೆ ಅಡ್ಡಬರುವ ಬದಲು ನೆರವಾಗುತ್ತದೆ ಎಂದು 1992ರ ಹೊತ್ತಿಗೇ ಪ್ರಯೋಗಾಲಯದಲ್ಲಿ ತೋರಿಸಲಾಗಿದೆ.

ಆದರೆ ಜೆಲ್ಲಿ ತಾನಾಗಿ ಒಂದು ಹನಿ ನೀರನ್ನೂ ಕೊಡುವುದಿಲ್ಲ. ಇದ್ದ ನೀರನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಒಣಗಿ ಹೊಟ್ಟೇಳುತ್ತಿರುವ ಕಾಲಿಗೆ ಹಾಗೆಯೇ ಬಳಿದರೆ ಒಣಗಿದ್ದನ್ನೇ ಮುಚ್ಚಿಟ್ಟ ಹಾಗೆ. ಹೊಳಪು ಬರುತ್ತದೆ, ನವೆ ನಿಲ್ಲುವುದಿಲ್ಲ. ಹಚ್ಚುವ ಕ್ರಮ ಹೀಗಿರಲಿ. ಉಗುರುಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷ ಸ್ನಾನ. ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಮೈ ತುಸು ತೇವವಾಗಿಯೇ ಇರಬೇಕು. ಮೂರು ನಿಮಿಷದೊಳಗೆ ಜೆಲ್ಲಿ ಬೀಳಬೇಕು. ಬಟಾಣಿಯಷ್ಟು ತೆಗೆದು ಎರಡೂ ಅಂಗೈ ನಡುವೆ ಹತ್ತು ಸೆಕೆಂಡು ಬಿಸಿ ಮಾಡಿದರೆ ಮೆತ್ತಗಾಗಿ ಜಾರುತ್ತದೆ. ಗಟ್ಟಿಯಾಗಿರುವಾಗಲೇ ಎಳೆದರೆ ಹೆಚ್ಚು ಬೇಕಾಗುತ್ತದೆ, ಚರ್ಮವೂ ಜಗ್ಗುತ್ತದೆ. ಕೂದಲು ಬೆಳೆದ ದಿಕ್ಕಿಗೇ, ಮೇಲಿಂದ ಕೆಳಕ್ಕೆ ಸವರಬೇಕು. ತಿರುವಿ ತಿರುವಿ ತಿಕ್ಕಿದರೆ, ಎದುರು ದಿಕ್ಕಿಗೆ ಎಳೆದರೆ ಕೂದಲಿನ ಬುಡ ಮುಚ್ಚಿ ಕೆಂಪು ಗುಳ್ಳೆಗಳು, ಕೆಲವೊಮ್ಮೆ ಕೀವಿನ ತಲೆಯೊಂದಿಗೆ ಏಳುತ್ತವೆ. ತೊಡೆ, ಎದೆ, ಮುಂಗೈಗಳಲ್ಲಿ ಇದು ಹೆಚ್ಚು. ಇದನ್ನು ಇಸಬು ಕೆರಳಿತು ಎಂದುಕೊಂಡು ಇನ್ನಷ್ಟು ಜೆಲ್ಲಿ ಹಚ್ಚುವವರಿದ್ದಾರೆ. ಗುಳ್ಳೆ ಪ್ರತಿ ಕೂದಲಿನ ಬುಡದಲ್ಲೇ ಎದ್ದಿದ್ದರೆ ಆ ಜಾಗಕ್ಕೆ ಜೆಲ್ಲಿ ನಿಲ್ಲಿಸಿ ಕ್ರೀಮಿಗೋ ಲೋಷನ್‌ಗೋ ಬದಲಿಸಬೇಕು.

ಇನ್ನು ಜೆಲ್ಲಿಯ ತಕರಾರುಗಳು. ಜಿಡ್ಡು ಎಂದರೆ ಜಿಡ್ಡೇ. ಬೆವರಿನ ದಿನಗಳಲ್ಲಿ ಮೈಯೊಳಗೆ ಬಿಸಿ ಕಟ್ಟಿದಂತಾಗಿ ನವೆ ಹೆಚ್ಚುತ್ತದೆ. ಪೆನ್ನು, ಫೋನು, ಕಾಗದ ಯಾವುದನ್ನೂ ಹಿಡಿಯುವಂತಿಲ್ಲ. ನೀರು ಸೋರುತ್ತಿರುವ ಹಸಿ ಇಸಬಿನ ಮೇಲೆ ಇದು ಕೂರುವುದೂ ಇಲ್ಲ, ಜಾರಿಹೋಗುತ್ತದೆ. ಲೇಟೆಕ್ಸ್ ರಬ್ಬರನ್ನು ಇದು ಮೆತ್ತಗೆ ಮಾಡಿ ಹರಿಯಿಸುತ್ತದೆ, ಆದ್ದರಿಂದ ಲೇಟೆಕ್ಸ್ ಗ್ಲೌಸು ಮತ್ತು ಕಾಂಡೋಮ್ ಇರುವಲ್ಲಿ ಬೇಡ. ಸುವಾಸನೆ ಸೇರಿಸಿದ ಬಗೆಗಳೂ ಅದೇ ಹೆಸರಿನಡಿ ಬರುತ್ತವೆ. ಮಕ್ಕಳದ್ದು ಎಂದು ಬರೆದದ್ದಕ್ಕೇ ಸುವಾಸನೆ ಇರುವುದು ಈ ಉದ್ಯಮದ ವಿಚಿತ್ರ. ಇಸಬಿಗೆ ಬೇಕಾದದ್ದು ವಾಸನೆಯೇ ಇಲ್ಲದ, ಒಂದೇ ಪದಾರ್ಥದ ಡಬ್ಬಿ.

ತೀರ್ಪು: ರಾತ್ರಿಗೆ, ಚಳಿಗಾಲಕ್ಕೆ, ಹಿಮ್ಮಡಿ ಮತ್ತು ಬೆರಳ ಸಂದಿಗಳ ಬಿರುಕಿಗೆ, ಏನು ಹಚ್ಚಿದರೂ ಉರಿಯುತ್ತದೆ ಎನ್ನುವವರಿಗೆ ಮೊದಲ ಆಯ್ಕೆ. ಹಗಲಿಗೆ ಕಷ್ಟ. ಹಗಲೂ ಇದನ್ನೇ ಹಚ್ಚಿ ಎಂದು ಹಟ ಹಿಡಿದರೆ ಎರಡನೇ ವಾರಕ್ಕೆ ರಾತ್ರಿ ಹಚ್ಚುವುದೂ ನಿಲ್ಲುತ್ತದೆ.

ಇದರ ತಮ್ಮನಂತಿರುವ ಅಕ್ವಾಫರ್ ಎಂಬ ಮುಲಾಮಿನ ಬಗ್ಗೆ ಎರಡು ಮಾತು. ಅದರಲ್ಲಿ ಪೆಟ್ರೋಲೇಟಂ, ಅಂದರೆ ಅದೇ ಪೆಟ್ರೋಲಿಯಂ ಜೆಲ್ಲಿ, ಶೇ 41ರಷ್ಟು. ಜೊತೆಗೆ ಮಿನರಲ್ ಆಯಿಲ್, ಗ್ಲಿಸರಿನ್, ಪ್ಯಾಂಥೆನಾಲ್ ಇವೆ. ಕೈಗೆ ಮೆತ್ತಗೆ, ಹರಡಲು ಸಲೀಸು, ಜೆಲ್ಲಿಗಿಂತ ಖುಷಿ ಕೊಡುವ ವಸ್ತು. ಆದರೆ ಪಟ್ಟಿಯಲ್ಲಿ ಲ್ಯಾನೋಲಿನ್ ಆಲ್ಕೋಹಾಲ್ ಕೂಡ ಇದೆ. ಕುರಿಯ ಉಣ್ಣೆಯ ಜಿಡ್ಡಿನಿಂದ ಬರುವ ಲ್ಯಾನೋಲಿನ್ ಬಹಳ ಜನರಿಗೆ ಏನೂ ಮಾಡುವುದಿಲ್ಲ. ಇಸಬಿನ ಹರಿದ ಚರ್ಮಕ್ಕೆ ಮಾತ್ರ ಅಲರ್ಜಿ ತರುವ ಸಾಧ್ಯತೆ ಹೆಚ್ಚು. ಅಮೆರಿಕದ ಸಂಪರ್ಕ ಚರ್ಮರೋಗ (ಏನಾದರೂ ತಾಗಿದ್ದರಿಂದ ಬರುವ ಚರ್ಮರೋಗ) ತಜ್ಞರ ಸಂಘ 2023ರ ವರ್ಷದ ಅಲರ್ಜಿಕಾರಕ ಎಂದು ಲ್ಯಾನೋಲಿನ್ನನ್ನೇ ಆರಿಸಿತ್ತು. ಹಚ್ಚಿದ ಜಾಗವೇ ದಿನ ಕಳೆದಂತೆ ಕೆಡುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಸೆರಮೈಡ್ ಕ್ರೀಮುಗಳು

ಹಗಲಿನ ಕೆಲಸಕ್ಕೆ ಕ್ರೀಮೇ ಸರಿ. ಎಣ್ಣೆ ಮತ್ತು ನೀರು ಎರಡೂ ಇರುವುದರಿಂದ ಬೇಗ ಇಂಗುತ್ತದೆ, ಬಟ್ಟೆಗೆ ಅಷ್ಟಾಗಿ ಹತ್ತುವುದಿಲ್ಲ. ಈ ಗುಂಪಿನಲ್ಲಿ ಹೆಚ್ಚು ಮಾತಾಗುತ್ತಿರುವುದು ಸೆರಮೈಡ್ ಎಂಬ ಕೊಬ್ಬು ಇರುವ ಕ್ರೀಮುಗಳದ್ದು. ಸೆರಾವಿ ಕಂಪನಿಯ ಡಬ್ಬಿ ಕ್ರೀಮನ್ನೇ ಮಾದರಿಗೆ ತೆಗೆದುಕೊಳ್ಳಿ: ಮೂರು ಬಗೆಯ ಸೆರಮೈಡ್, ಕೊಲೆಸ್ಟರಾಲ್, ಗ್ಲಿಸರಿನ್, ಪೆಟ್ರೋಲೇಟಂ, ಸುವಾಸನೆ ಇಲ್ಲ.

ಇದರ ಹಿಂದಿನ ವಿಚಾರ ಗಟ್ಟಿಯಾಗಿದೆ. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆ ಎಂದುಕೊಂಡರೆ ಇಟ್ಟಿಗೆಗಳ ನಡುವಿನ ಗಾರೆ ಕೊಬ್ಬಿನದು. ಆ ಕೊಬ್ಬಿನಲ್ಲಿ ಸುಮಾರು ಅರ್ಧ ಸೆರಮೈಡ್, ಕಾಲು ಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನ ಆಮ್ಲಗಳು. ಇಸಬಿನ ಚರ್ಮದಲ್ಲಿ ಸೆರಮೈಡ್ ಕಡಿಮೆ. ಇಟ್ಟಿಗೆಯ ಕಡೆಗೂ ಕೊರತೆಯಿದೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದವರಿಗೆ ಇಸಬು ಬರುವ ಸಾಧ್ಯತೆ ಬಹಳ ಹೆಚ್ಚು ಎಂದು 2006ರಲ್ಲಿ ಪತ್ತೆಯಾಯಿತು. ಆ ಫಿಲಾಗ್ರಿನ್ ಒಡೆದಾಗಲೇ ಚರ್ಮ ತನ್ನೊಳಗೆ ನೀರು ಹಿಡಿದಿಡುವ ಪದಾರ್ಥಗಳನ್ನು ಪಡೆಯುವುದು. ಹೀಗಾಗಿ ಗಾರೆ ತುಂಬುವ ಸೆರಮೈಡ್ ಮತ್ತು ನೀರು ಹಿಡಿಯುವ ಗ್ಲಿಸರಿನ್ ಒಂದೇ ಡಬ್ಬಿಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ.

ಲೆಕ್ಕ ಸರಿ, ಜಾಹೀರಾತು ಅತಿ. ಡಬ್ಬಿಯ ಮುಂದೆ ಸೆರಮೈಡ್ ಎಂದು ದಪ್ಪಕ್ಷರದಲ್ಲಿ ಅಚ್ಚು ಮಾಡಿದ್ದರೂ ಹಿಂದಿನ ಪಟ್ಟಿಯಲ್ಲಿ ಅದು ಎಷ್ಟನೆಯ ಸಾಲಿನಲ್ಲಿದೆ ನೋಡಿ. ಪಟ್ಟಿ ಹೆಚ್ಚಿನದರಿಂದ ಕಡಿಮೆಯ ಕಡೆಗೆ ಇಳಿಯುತ್ತದೆ. ಶೇ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಬಹುತೇಕ ಡಬ್ಬಿಗಳಲ್ಲಿ ಸೆರಮೈಡ್ ಈ ಬಾಲದಲ್ಲೇ ಸಿಗುತ್ತದೆ. ಮೊದಲ ಐದಾರು ಹೆಸರುಗಳೇ ಕ್ರೀಮಿನ ನಿಜವಾದ ಮೈಕಟ್ಟು. ಅಲ್ಲಿ ಗ್ಲಿಸರಿನ್, ಪೆಟ್ರೋಲೇಟಂ, ಡೈಮೆಥಿಕೋನ್, ಮಿನರಲ್ ಆಯಿಲ್ ಇವುಗಳಲ್ಲಿ ಎರಡು ಮೂರು ಇದ್ದರೆ ಸೆರಮೈಡ್ ಎಂಬ ಮಾತೇ ಇಲ್ಲದ ಸಾದಾ ಕ್ರೀಮು ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೀಟೈಲ್ ಆಲ್ಕೋಹಾಲ್, ಸ್ಟಿಯರೈಲ್ ಆಲ್ಕೋಹಾಲ್ ಎಂದು ಕಂಡರೆ ಹೆದರಬೇಕಿಲ್ಲ, ಅವು ಮೇಣದಂಥ ಪದಾರ್ಥಗಳು. ಒಣಗಿಸುವುದು ಪಟ್ಟಿಯ ಆರಂಭದಲ್ಲಿ ಬರುವ ಡಿನೇಚರ್ಡ್ ಆಲ್ಕೋಹಾಲ್.

ಕ್ರೀಮಿನ ದೊಡ್ಡ ದೂರು ಚುರುಚುರು. ಕೆರಳಿದ ಚರ್ಮಕ್ಕೆ ಹಚ್ಚಿದ ಕೂಡಲೇ ಉರಿದು ಹತ್ತಿಪ್ಪತ್ತು ನಿಮಿಷದಲ್ಲಿ ತಣ್ಣಗಾದರೆ ಅದು ಸಾಮಾನ್ಯವಾಗಿ ಅಲರ್ಜಿ ಅಲ್ಲ, ಹರಿದ ಗೋಡೆಯ ಸಂದಿಯಿಂದ ಒಳನುಗ್ಗಿದ ಪದಾರ್ಥಕ್ಕೆ ನರಗಳ ಪ್ರತಿಕ್ರಿಯೆ. ಎರಡು ಮೂರು ದಿನ ಆ ಜಾಗಕ್ಕೆ ಜೆಲ್ಲಿ ಹಚ್ಚಿ, ಬಿರುಕು ಕೂಡಿದ ಮೇಲೆ ಅದೇ ಕ್ರೀಮನ್ನು ಮತ್ತೆ ನೋಡಿದರೆ ಸಾಮಾನ್ಯವಾಗಿ ಉರಿ ಇರುವುದಿಲ್ಲ. ಅಲರ್ಜಿಯ ನಡೆ ಬೇರೆ. ಹಚ್ಚಿದಾಗ ಏನೂ ಇಲ್ಲ. ಒಂದರಿಂದ ಮೂರು ದಿನದ ಮೇಲೆ ಹಚ್ಚಿದ ಅಂಚಿನವರೆಗೂ ನವೆ, ಊತ, ಸಣ್ಣ ನೀರ್ಗುಳ್ಳೆ. ಈ ಎರಡನ್ನು ಬೇರ್ಪಡಿಸಿ ನೋಡಲು ಕಲಿತರೆ ಕಪಾಟಿನ ಅರ್ಧ ಟ್ಯೂಬುಗಳು ವಾಪಸು ಬಳಕೆಗೆ ಬರುತ್ತವೆ.

ಇನ್ನೊಂದು ಸಣ್ಣ ಉಪಾಯ: ಕ್ರೀಮನ್ನು ಫ್ರಿಜ್ಜಿನಲ್ಲಿಡಿ. ತಂಪು ಕ್ರೀಮು ನವೆಯನ್ನು ಆ ಕ್ಷಣಕ್ಕೆ ಚೆನ್ನಾಗಿ ತಗ್ಗಿಸುತ್ತದೆ. ಜೆಲ್ಲಿಗೆ ಇದು ಸಲ್ಲದು, ಕಲ್ಲಿನಂತಾಗುತ್ತದೆ.

ಲೋಷನ್, ಯೂರಿಯಾ, ಓಟ್ಸ್ ಮತ್ತು ಕೆಲವು ಕೈಬಿಡಬೇಕಾದವು

ಲೋಷನ್ನಿನಲ್ಲಿ ನೀರೇ ಹೆಚ್ಚು. ಎರಡು ಮೂರು ಗಂಟೆಯಲ್ಲಿ ಚರ್ಮ ಮತ್ತೆ ಬಿಗಿಯುತ್ತದೆ. ಆದರೆ ಕೂದಲು ತುಂಬಿದ ಎದೆಗೆ, ನೆತ್ತಿಯ ಅಂಚಿಗೆ, ಬೆವರಿನ ದಿನಗಳಿಗೆ, ಅವಸರದ ಬೆಳಿಗ್ಗೆಗೆ ಬೇರೆ ಯಾವುದೂ ಒಗ್ಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಹಚ್ಚುವವರ ಲೋಷನ್ನು ವಾರಕ್ಕೊಮ್ಮೆ ಹಚ್ಚುವವರ ಜೆಲ್ಲಿಗಿಂತ ಮೇಲು.

ಯೂರಿಯಾ ಕ್ರೀಮನ್ನು ಮೈತುಂಬ ಬಳಿಯುವ ಸಾಮಾನ್ಯ ಕ್ರೀಮು ಎಂದುಕೊಂಡು ಕೊಳ್ಳುವುದೇ ತಪ್ಪು. ಶೇ 5ರಿಂದ 10ರಷ್ಟಿರುವುದು ನೀರನ್ನು ಹಿಡಿಯುತ್ತದೆ. 20 ದಾಟಿದರೆ ದಪ್ಪಗಟ್ಟಿದ ಚರ್ಮವನ್ನೇ ಕರಗಿಸಿ ಸಡಿಲಿಸುತ್ತದೆ. ಹಳೆಯ ಇಸಬಿನಿಂದ ಜಡ್ಡುಗಟ್ಟಿದ ಅಂಗಾಲು, ಅಂಗೈ, ಕಣಕಾಲಿನ ದಪ್ಪ ತೇಪೆಗಳಿಗೆ ಇದರಷ್ಟು ಸರಿಯಾದದ್ದು ಕಡಿಮೆ. ಸೀಳಿದ, ಕೆರೆದ ಚರ್ಮಕ್ಕೆ ತಾಗಿದರೆ ಮಾತ್ರ ಕಣ್ಣಲ್ಲಿ ನೀರು. ಪುಟ್ಟ ಮಕ್ಕಳಿಗೆ, ಮುಖಕ್ಕೆ, ಮಡಿಕೆಗಳಿಗೆ ಬೇಡ. ಲ್ಯಾಕ್ಟಿಕ್ ಆಮ್ಲ ಇರುವ ಲೋಷನ್‌ಗಳಿಗೂ ಇದೇ ಮಾತು.

ಕೊಲಾಯ್ಡಲ್ ಓಟ್‌ಮೀಲ್, ಅಂದರೆ ನುಣ್ಣಗೆ ಬೀಸಿದ ಓಟ್ಸ್ ಹುಡಿ ಸೇರಿಸಿದ ಕ್ರೀಮುಗಳು ನವೆಗೆ ನಿಜವಾಗಿಯೂ ಸ್ವಲ್ಪ ಕೆಲಸ ಮಾಡುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2003ರಲ್ಲಿ ಇದನ್ನು ಚರ್ಮರಕ್ಷಕಗಳ ಪಟ್ಟಿಗೆ ಸೇರಿಸಿದೆ. ರಾತ್ರಿ ಕೆರೆದುಕೊಳ್ಳುವವರಿಗೆ ಒಮ್ಮೆ ನೋಡಲು ಅಡ್ಡಿಯಿಲ್ಲ.

ಸ್ನಾನದ ನೀರಿಗೆ ಹಾಕುವ ಎಣ್ಣೆಗಳಿಗೆ ಹಣ ಸುರಿಯಬೇಡಿ. 482 ಮಕ್ಕಳ ಮೇಲೆ ಒಂದು ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೈಗೆ ಹಚ್ಚುವುದರ ಜೊತೆ ನೀರಿಗೂ ಹಾಕಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬಚ್ಚಲ ನೆಲ ಜಾರುವುದಂತೂ ಖಾತ್ರಿ.

ಅಕ್ವಿಯಸ್ ಕ್ರೀಮು ಎಂಬ ಹಳೆಯ, ಅಗ್ಗದ ಕ್ರೀಮೊಂದಿದೆ. ಅದರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸಾಬೂನಿನಂಥ ಪದಾರ್ಥ ಇರುತ್ತದೆ. ತೊಳೆಯದೆ ಹಾಗೇ ಹಚ್ಚಿ ಬಿಟ್ಟರೆ ಚರ್ಮವನ್ನು ಕೆರಳಿಸಬಹುದೆಂದು ಬ್ರಿಟನ್ನಿನ ಔಷಧ ನಿಯಂತ್ರಕರು 2013ರಲ್ಲೇ ಎಚ್ಚರಿಸಿದ್ದಾರೆ. ಇಸಬಿಗೆ ಹಚ್ಚಿಬಿಡುವ ಸಾಮಾನಾಗಿ ಇದಕ್ಕೆ ಜಾಗವಿಲ್ಲ. ಆಲಿವ್ ಎಣ್ಣೆಯೂ ಅಷ್ಟೇ. ಅದರಲ್ಲಿರುವ ಓಲಿಯಿಕ್ ಆಮ್ಲ ಹೊರಪದರದ ಗಾರೆಯನ್ನೇ ಸಡಿಲಿಸುತ್ತದೆ. ಎಣ್ಣೆಯೇ ಬೇಕೆನ್ನುವವರಿಗೆ ಲಿನೋಲಿಯಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ವಾಸಿ.

ಲೇಬಲ್ಲಿನ ಆಟ

ಅನ್‌ಸೆಂಟೆಡ್ ಎಂದರೆ ವಾಸನೆ ಬರುವುದಿಲ್ಲ ಎಂದಷ್ಟೇ. ಮೂಲ ಪದಾರ್ಥಗಳ ವಾಸನೆ ಅಡಗಿಸಲು ಇನ್ನೊಂದು ಸುವಾಸನೆ ಸೇರಿಸಿರಬಹುದು. ಬೇಕಾದದ್ದು ಫ್ರೇಗ್ರೆನ್ಸ್ ಫ್ರೀ. ಹೈಪೋಅಲರ್ಜೆನಿಕ್ ಎಂಬ ಮಾತಿಗೆ ಎಫ್‌ಡಿಎಯ ಯಾವ ಮಾನದಂಡವೂ ಇಲ್ಲ, ಕಂಪನಿ ತನಗೆ ಅನಿಸಿದರೆ ಬರೆದುಕೊಳ್ಳಬಹುದು. ನೈಸರ್ಗಿಕ ಎಂದಿದ್ದರೆ ಇನ್ನೂ ಹುಷಾರು: ಲ್ಯಾವೆಂಡರ್, ಟೀ ಟ್ರೀ, ಸಿಟ್ರಸ್ ಎಣ್ಣೆಗಳು, ಜೇನುಗೂಡಿನ ಪ್ರೋಪೊಲಿಸ್ ಎಲ್ಲವೂ ಚೆನ್ನಾಗಿ ಗೊತ್ತಿರುವ ಅಲರ್ಜಿಕಾರಕಗಳು. ಹೆಸರು ಉದ್ದವಿದ್ದರೂ ನೆನಪಿಡಬೇಕಾದ ಇನ್ನೊಂದು ಮೀಥೈಲ್‌ಐಸೋಥಯಾಜೋಲಿನೋನ್. ಕೆಡದಂತೆ ಹಾಕುವ ಈ ರಾಸಾಯನಿಕ ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ, ಹಚ್ಚಿಬಿಡುವ ಸೌಂದರ್ಯವರ್ಧಕಗಳಲ್ಲಿ ಇದನ್ನು ಬಳಸಬಾರದೆಂದು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿತು. ಶಾಂಪೂ, ಪಾತ್ರೆ ತೊಳೆಯುವ ದ್ರವ, ಒದ್ದೆ ಟಿಶ್ಯೂಗಳಲ್ಲೂ ಕಾಣಿಸಿಕೊಳ್ಳುತ್ತದೆ. ಕೈಯ ಇಸಬು ಏನು ಮಾಡಿದರೂ ಹೋಗದಿದ್ದರೆ ಕ್ರೀಮಿನ ಡಬ್ಬಿಗಿಂತ ಮೊದಲು ಸಿಂಕಿನ ಪಕ್ಕದ ಬಾಟಲಿ ಓದುವುದು ಒಳ್ಳೆಯದು.

ಹೊಸದೇನೇ ತಂದರೂ ಒಂದು ಪರೀಕ್ಷೆ ಮಾಡಿ. ಮುಂಗೈಯ ಒಳಬದಿಯಲ್ಲಿ ಇಸಬಿಲ್ಲದ ನಾಣ್ಯದಗಲದ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ. ಏನೂ ಆಗದಿದ್ದರೆ ಮೈಗೆ ಹಚ್ಚಬಹುದು. ಒಂದೇ ದಿನ ಹಚ್ಚಿ ನೋಡುವ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಅಲರ್ಜಿಗೆ ಸಮಯ ಬೇಕು.

ಡಬ್ಬಿಯ ಬಾಯಿ

ಒಳಗಿನ ಕ್ರೀಮಿನಷ್ಟೇ ಮುಖ್ಯವಾದದ್ದನ್ನು ಹೆಚ್ಚಿನ ವಿಮರ್ಶೆಗಳು ನೋಡುವುದೇ ಇಲ್ಲ. ಇಸಬಿನ ಚರ್ಮದ ಮೇಲೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಹಳ ಸಲ ಬೀಡುಬಿಟ್ಟಿರುತ್ತದೆ. ಕೆರೆದ ಬೆರಳನ್ನೇ ಅಗಲ ಬಾಯಿಯ ಡಬ್ಬಿಗೆ ಅದ್ದಿದರೆ ಅದು ಡಬ್ಬಿಗೂ ಹೋಗುತ್ತದೆ. ನೀರಿರುವ ಕ್ರೀಮಿನಲ್ಲಿ ಉಳಿದುಕೊಂಡರೆ ಮರುದಿನ ಗುಣವಾದ ಜಾಗಕ್ಕೂ ಬರುತ್ತದೆ. ಅದಕ್ಕೇ ಕ್ರೀಮು, ಲೋಷನ್ ಎರಡಕ್ಕೂ ಪಂಪ್ ಬಾಟಲಿಯೇ ಉತ್ತಮ. ಡಬ್ಬಿಯೇ ಸಿಕ್ಕಿದರೆ ಒಣಗಿದ ಶುಚಿ ಚಮಚದಿಂದ ಒಂದು ಸಲಕ್ಕೆ ಬೇಕಾದಷ್ಟನ್ನು ತಟ್ಟೆಗೆ ತೆಗೆದುಕೊಂಡು ಹಚ್ಚಿ, ಮಿಕ್ಕಿದ್ದನ್ನು ವಾಪಸು ಹಾಕಬೇಡಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಎಂದರ್ಥ.

ಪಂಪಿಗೂ ಒಂದು ದೋಷವಿದೆ. ಗಟ್ಟಿ ಕ್ರೀಮಿನಲ್ಲಿ ಕೊಳವೆಯ ಸುತ್ತ ಗುಂಡಿ ಬಿದ್ದು ಗಾಳಿ ಎಳೆಯತೊಡಗುತ್ತದೆ, ತಳದಲ್ಲಿ ಎಷ್ಟೋ ಕ್ರೀಮು ಹಾಗೇ ಉಳಿಯುತ್ತದೆ. ಬಾಟಲಿಯನ್ನು ತಲೆಕೆಳಗು ನಿಲ್ಲಿಸಿ, ಕೊನೆಗೆ ಕತ್ತರಿಸಿ ಚಮಚದಿಂದ ತೆಗೆಯಬೇಕು.

ಬೆಂಕಿಯ ವಿಷಯ ಹೇಳದೆ ಬಿಡುವಂತಿಲ್ಲ. ಜೆಲ್ಲಿಯಾಗಲಿ ಕ್ರೀಮಾಗಲಿ, ಬಟ್ಟೆ, ಹೊದಿಕೆ, ಬ್ಯಾಂಡೇಜಿಗೆ ಹತ್ತಿ ಒಣಗಿದರೆ ಆ ಬಟ್ಟೆ ಬೇಗ ಹೊತ್ತಿಕೊಂಡು ಜೋರಾಗಿ ಉರಿಯುತ್ತದೆ. ಪ್ಯಾರಾಫಿನ್ (ಜೆಲ್ಲಿಯಂಥ ಪೆಟ್ರೋಲಿಯಂ ಜಿಡ್ಡು) ಇಲ್ಲದವೂ ಇದಕ್ಕೆ ಹೊರತಲ್ಲ ಎಂದು ಬ್ರಿಟನ್ನಿನ ನಿಯಂತ್ರಕರು 2018ರಲ್ಲಿ ಎಚ್ಚರಿಕೆಯನ್ನು ವಿಸ್ತರಿಸಿದರು. ಬಿಸಿ ನೀರಲ್ಲಿ ಒಗೆದರೆ ಜಿಡ್ಡು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಚ್ಚಿಕೊಂಡವರು ಒಲೆ, ದೀಪ, ಸಿಗರೇಟಿನಿಂದ ದೂರವಿರಬೇಕು.

ಔಷಧದ ಜೊತೆ

ಮಾಯಿಶ್ಚರೈಸರ್ ಕೆರಳಿದ ಇಸಬನ್ನು ಆರಿಸುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ, ಏಕೆಂದರೆ ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ಉರಿಯುವ ಚರ್ಮಕ್ಕೆ ವಾರಗಟ್ಟಲೆ ಬರೀ ಕ್ರೀಮು ಬಳಿಯುವವರು ಬಹಳ. ಉರಿಯೂತವಿದೆ ಎಂದು ತಿಳಿಯುವುದು ಕೆಂಪು ಬಣ್ಣದಿಂದಷ್ಟೇ ಅಲ್ಲ. ಕಂದು, ಕಪ್ಪು ಚರ್ಮದಲ್ಲಿ ಅದು ನೇರಳೆ, ಬೂದು ಅಥವಾ ಗಾಢ ಕಂದಾಗಿ ಕಾಣುತ್ತದೆ. ಮುಟ್ಟಿದರೆ ಬಿಸಿ, ಉಬ್ಬು, ನವೆ. ಅಂಥ ತೇಪೆಗೆ ವೈದ್ಯರು ಬರೆದುಕೊಟ್ಟ ಮುಲಾಮು ಬೆರಳ ತುದಿ ಅಳತೆಯಲ್ಲಿ, ಹೇಳಿದಷ್ಟು ದಿನ. ಯಾವುದು ಮೊದಲು ಎಂಬ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡರ ನಡುವೆ 15ರಿಂದ 30 ನಿಮಿಷ ಬಿಡುವು ಕೊಡುವುದು ಮುಖ್ಯ. ಒಂದರ ಮೇಲೊಂದು ಕೂಡಲೇ ಹಚ್ಚಿದರೆ ಔಷಧ ತೆಳುವಾಗಿ ಬೇಡದ ಜಾಗಕ್ಕೂ ಹರಡುತ್ತದೆ. ಪದೇ ಪದೇ ಅದೇ ಜಾಗದಲ್ಲಿ ಕೆರಳುವವರಿಗೆ, ತೇಪೆ ಮಾಸಿದ ಮೇಲೂ ವಾರಕ್ಕೆ ಎರಡು ದಿನ ಅಲ್ಲಿಗೇ ಔಷಧ ಹಚ್ಚುವ ಕ್ರಮವನ್ನು ವೈದ್ಯರು ಹೇಳುವುದುಂಟು. ಆ ಎರಡು ದಿನವೂ ಮಾಯಿಶ್ಚರೈಸರ್ ನಿಲ್ಲುವುದಿಲ್ಲ.

ಪದಾರ್ಥಗಳ ಪಟ್ಟಿಯೇ ಇಲ್ಲದೆ ಗಿಡಮೂಲಿಕೆಯದು ಎಂದು ಬರುವ ಕ್ರೀಮೊಂದು ಎರಡೇ ರಾತ್ರಿಯಲ್ಲಿ ಪವಾಡ ಮಾಡಿದರೆ ಖುಷಿಪಡುವ ಮೊದಲು ಅನುಮಾನಪಡಿ. ಇಂಥವುಗಳಲ್ಲಿ ತೀಕ್ಷ್ಣ ಸ್ಟೀರಾಯ್ಡ್ ಕದ್ದು ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನಾಳಗಳು ಕಾಣತೊಡಗುತ್ತವೆ, ನಿಲ್ಲಿಸಿದೊಡನೆ ದುಪ್ಪಟ್ಟು ಕೆರಳುತ್ತದೆ. ಉಂಗುರದಂತೆ ಅಂಚು ಏರಿ ನಡು ತಿಳಿಯಾಗುವ ತೇಪೆ ಇಸಬಲ್ಲದೆ ಹುಳುಕಡ್ಡಿಯೂ ಆಗಿರಬಹುದು. ಅದಕ್ಕೆ ಸ್ಟೀರಾಯ್ಡ್ ಬಿದ್ದರೆ ಗುರುತು ಮರೆಯಾಗಿ ರೋಗ ಹರಡುತ್ತದೆ.

ಜೇನಿನ ಬಣ್ಣದ ಹಕ್ಕಳೆ, ಕೀವು, ಒಮ್ಮೆಲೇ ಹೆಚ್ಚಿದ ನೋವು ಇದ್ದರೆ ಸೋಂಕು. ಒಂದೇ ಅಳತೆಯ, ಮೊಳೆ ಚುಚ್ಚಿ ತೆಗೆದಂಥ ಸಣ್ಣ ಹುಣ್ಣುಗಳು ಗುಂಪಾಗಿ ಎದ್ದು ಜ್ವರವೂ ಬಂದರೆ ಅದು ಹರ್ಪಿಸ್ ವೈರಸ್ಸಿನ ಸೋಂಕು ಇರಬಹುದು. ಆಗ ಯಾವ ಡಬ್ಬಿಯನ್ನೂ ತೆರೆಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಕಣ್ಣಿನ ಹತ್ತಿರವಿದ್ದರೆ ತಡ ಮಾಡಲೇಬಾರದು.

ಹೊಸ ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಒಳಗೆ ಬರೆಯಿರಿ. ಹಸ್ತ, ಪಾದ ಬಿಟ್ಟು ಎರಡು ತೋಳು, ಎರಡು ಕಾಲಿಗಷ್ಟೇ ಇಸಬಿದ್ದರೂ ಒಂದು ಸಲಕ್ಕೆ 18 ಅಳತೆ, ಅಂದರೆ 9 ಗ್ರಾಂ. ದಿನಕ್ಕೆ ಎರಡು ಸಲ ಹಚ್ಚಿದರೆ 500 ಗ್ರಾಂ ಡಬ್ಬಿ 28ನೇ ದಿನಕ್ಕೆ ತಳ ಕಾಣಬೇಕು. ಆ ದಿನ ಡಬ್ಬಿ ಇನ್ನೂ ಅರ್ಧ ತುಂಬಿದ್ದರೆ ಬೇರೆ ಬ್ರಾಂಡ್ ಹುಡುಕುವ ಮುನ್ನ ಉಳಿದರ್ಧವನ್ನು ಮುಂದಿನ ಎರಡು ವಾರದಲ್ಲಿ ಖಾಲಿ ಮಾಡಿ ನೋಡಿ.